ಶಕುಂತಲಮ್ಮ ತೊಳೆದ ಜಗಲಿ

ಶಕುಂತಲಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಹಾಲು ತಂದವರ ಎದುರಿಗೇ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟುಕೊಂಡು, ಅದು ನಿಲ್ಲುತ್ತದೋ ಜಾರುತ್ತದೋ ನೋಡುವಳು. ಕಾಫಿಪುಡಿ ಬಂದರೆ ಚಿಟಿಕೆ ತೆಗೆದು ತಣ್ಣೀರಿನ ಲೋಟಕ್ಕೆ ಹಾಕುವಳು. ತೇಲಿದರೆ ಸರಿ. ಮುಳುಗಿತೋ, "ಇದ್ರಲ್ಲಿ ಕಾಫಿ ಯಾವ್ದು, ಹುಣಸೆಬೀಜ ಯಾವ್ದು, ಆರಿಸ್ಕೊಟ್ಟು ಹೋಗಪ್ಪ" ಎಂದು ಅಂಗಡಿಯವನನ್ನು ಅಲ್ಲೇ ಕೂರಿಸುವಳು. ದೇವಸ್ಥಾನದಿಂದ ಬಂದ ಪ್ರಸಾದವನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಈ ಮಾತು ನಮ್ಮಜ್ಜಿ ಹೇಳಿದ್ದು. ಶಕುಂತಲಮ್ಮ ನಮ್ಮಜ್ಜಿಗೆ ದೊಡ್ಡಮ್ಮ ಆಗಬೇಕು.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಕೊಡ್ಲಿಪೇಟೆಯ ಸಂತೆಮಾಳದ ಪಕ್ಕದಲ್ಲಿ ಅವಳದೊಂದು ಪುಟ್ಟ ಹೋಟೆಲಿತ್ತು. ಬೋರ್ಡಿಲ್ಲ, ಬೆಂಚಿಲ್ಲ. ಉದ್ದನೆಯ ಜಗಲಿ, ಅದರ ಮೇಲೆ ಚಾಪೆ. ಅಕ್ಕಿರೊಟ್ಟಿ, ಚಟ್ನಿ, ಬೆಲ್ಲದ ಕಾಫಿ. ಗಂಡ ಸತ್ತ ವರ್ಷವೇ ಹಾಸನದ ಕಡೆಯ ತವರಿಗೆ ಹೋಗದೆ ಇಲ್ಲೇ ಒಲೆ ಹೂಡಿದವಳು. ನಲವತ್ತು ವರ್ಷದ ಒಂಟಿ ಹೆಂಗಸು ಪೇಟೆಯಲ್ಲಿ ಬದುಕುವುದು ಅವಳ ಕೈ ಅಡುಗೆಯನ್ನು ಜನ ತಿನ್ನುವವರೆಗೆ ಮಾತ್ರ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದಿನಾ ಬೆಳಿಗ್ಗೆ ಬರುವವರಲ್ಲಿ ಗಾಡಿ ಕರಿಬಸಪ್ಪ ಒಬ್ಬ. ಎಸ್ಟೇಟುಗಳಿಂದ ಕಾಫಿ ಮೂಟೆಗಳನ್ನು ಎತ್ತಿನ ಗಾಡಿಯಲ್ಲಿ ಪೇಟೆಗೆ ಹೊರುವವನು. ಮದುವೆಯಾಗಿರಲಿಲ್ಲ. ಅಣ್ಣ ಚನ್ನಮಲ್ಲಪ್ಪನ ಮನೆಯಲ್ಲಿ ಮಲಗುವುದು, ಶಕುಂತಲಮ್ಮನ ಜಗಲಿಯಲ್ಲಿ ತಿನ್ನುವುದು. ಅಕ್ಕಾ ಅಕ್ಕಾ ಎಂದು ಕರೆಯುತ್ತಿದ್ದ. ಆದರೂ ಚನ್ನಮಲ್ಲಪ್ಪನಿಗೆ ಅನುಮಾನ. ತಮ್ಮನ ಪಾಲಿನ ಗದ್ದೆಗೂ ಎತ್ತುಗಳಿಗೂ ಈ ಹೆಂಗಸು ಕಣ್ಣು ಹಾಕಿದ್ದಾಳೆ ಎಂದು ಅವನು ನಾಲ್ಕು ಜನರ ಮುಂದೆ ಆಡಿದ್ದೂ ಉಂಟು.

ಒಂದು ಸೋಮವಾರ, ಕಾಫಿ ಕುಯ್ಲು ಮುಗಿಯುವ ಹೊತ್ತಿನ ದಿನ, ಬಿಸಿಲು ಇನ್ನೂ ಜಗಲಿಗೆ ಬಂದಿರಲಿಲ್ಲ. ಕರಿಬಸಪ್ಪ ಎಲ್ಲರಿಗಿಂತ ಮೊದಲು ಬಂದ. ಮುಖ ಬಿಳಿಚಿಕೊಂಡಿತ್ತು. ಕಂಬ ಹಿಡಿದುಕೊಂಡೇ ಕೂತ.

"ಅಕ್ಕಾ, ಹೊಟ್ಟೆ ಉರೀತದೆ. ಒಂದಿಷ್ಟು ಮಜ್ಜಿಗೆ ಕೊಡ್ತೀಯಾ?"

ಅವಳು ಮಜ್ಜಿಗೆಗೆ ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಜಗಲಿಯ ಅಂಚಿಗೆ ಬಾಗಿ ವಾಂತಿ ಮಾಡಿದ್ದ. ಕಪ್ಪಗೆ, ತರಿತರಿಯಾಗಿ, ಥೇಟ್ ಕಾಫಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಗಸಿಯ ಹಾಗೆ.

ಶಕುಂತಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಯಾವನ ಹೋಟ್ಲಲ್ಲಿ ಕಾಫಿ ಕುಡ್ದು ಬಂದು ನನ್ನ ಜಗಲಿ ಮೇಲೆ ಕಕ್ತಿದೀಯೋ ಬಸಣ್ಣ?"

"ಕಾಫಿನಾ? ಎದ್ದಾಗಿಂದ ಬರೀ ಹೊಟ್ಟೇಲೇ ಇದೀನಿ ಕಣಕ್ಕಾ, ಲಿಂಗದಾಣೆ."

"ಸುಳ್ಳು ಬೊಗಳ್ಬೇಡ. ಗಸಿನೂ ಸೋಸ್ದೆ ಕೊಟ್ಟವ್ನೆ ಆ ಪುಣ್ಯಾತ್ಮ. ಬಾಯಿ ತೆಗಿ."

ಬಾಯಿ ಮೂಸಿ ನೋಡಿದಳು. ಸಾರಾಯಿ ವಾಸನೆ ಇರಲಿಲ್ಲ. ಕಾಫಿ ವಾಸನೆಯೂ ಇರಲಿಲ್ಲ. ಎಂಥದೋ ಕಬ್ಬಿಣದ ವಾಸನೆ. ಅದೇನೆಂದು ಯೋಚಿಸಲು ಪುರುಸೊತ್ತಿರಲಿಲ್ಲ. ರಸ್ತೆಯಲ್ಲಿ ಜನ ಬರುತ್ತಿದ್ದರು. ಹೋಟೆಲಿನ ಮುಂದೆ ವಾಂತಿ ಬಿದ್ದಿದ್ದನ್ನು ಕಂಡರೆ ಅವತ್ತಿನ ವ್ಯಾಪಾರ ಮುಗಿದಂತೆ. ಸಗಣಿ ನೀರು ತಂದು ಸರಸರ ಬಳಿದಳು.

"ಯಾರ್ಗೂ ಹೇಳ್ಬೇಡ ಅಕ್ಕಾ," ಕರಿಬಸಪ್ಪ ಎದ್ದು ನಿಂತು ತೂರಾಡಿದ. "ಗಾಡಿಯವ್ನಿಗೆ ಮೈ ಸರಿಯಿಲ್ಲ ಅಂತ ಗೊತ್ತಾದ್ರೆ ಎಸ್ಟೇಟಿನ ಲೆಕ್ಕ ಬರೆಯೋ ರೈಟರು ನಾಳೆನೇ ಮೂಟೆನೆಲ್ಲಾ ಲಾರಿಗೆ ಹಾಕಿಸ್ತಾರೆ."

"ನಾನ್ಯಾಕಪ್ಪ ಹೇಳ್ಲಿ? ನನ್ನ ಹೋಟ್ಲ ಮುಂದೆ ಕಕ್ಕಿದ ಅಂತ ನಾನೇ ಡಂಗುರ ಹೊಡೀಲಾ?"

ಇಬ್ಬರಿಗೂ ಬೇಕಾಗಿದ್ದು ಒಂದೇ. ಮಾತು ಅಲ್ಲಿಗೇ ನಿಂತಿತು. ಎದುರು ಮನೆಯ ಕಿಟಕಿಯಲ್ಲಿ ಯಾರೋ ನಿಂತಿದ್ದನ್ನು ಮಾತ್ರ ಅವಳು ನೋಡಲಿಲ್ಲ.

ಮೂರನೆಯ ದಿನ ಸಂತೆ. ಜಗಲಿಯ ತುಂಬ ಜನ. ಕರಿಬಸಪ್ಪ ಎರಡು ರೊಟ್ಟಿ ತಿಂದ, ಲೋಟ ಕಾಫಿ ಕುಡಿದ. ಎದ್ದು ಎರಡು ಹೆಜ್ಜೆ ಇಟ್ಟವನು ಹೊಟ್ಟೆ ಹಿಡಿದುಕೊಂಡು ಕುಸಿದ. ಈ ಸಲ ಕಪ್ಪಲ್ಲ. ಕೆಂಪು ರಕ್ತ, ಒಂದು ಚೊಂಬಿನಷ್ಟು, ಚಾಪೆಯ ಮೇಲೆ ಹರಿದು ಪಕ್ಕದವರ ಎಲೆಯವರೆಗೂ ಹೋಯಿತು. ತಿನ್ನುತ್ತಿದ್ದವರೆಲ್ಲ ಎದ್ದು ಹಾರಿದರು. ಅವನ ಹಣೆ ಬೆವರಿ ಕೈಕಾಲು ತಣ್ಣಗಾಗಿತ್ತು.

ಚನ್ನಮಲ್ಲಪ್ಪ ಸಂತೆಯಲ್ಲೇ ಇದ್ದ. ಓಡಿಬಂದು ತಮ್ಮನನ್ನು ನೋಡಿದ, ಆಮೇಲೆ ಒಲೆಯ ಮುಂದಿದ್ದ ಶಕುಂತಲಮ್ಮನನ್ನು ನೋಡಿದ.

"ಏನ್ ಹಾಕ್ದೆ ನಮ್ ಹುಡ್ಗಂಗೆ?"

"ರೊಟ್ಟಿ ಹಾಕ್ದೆ. ಚಟ್ನಿ ಹಾಕ್ದೆ."

"ಮದ್ದು ಹಾಕಿದೀಯ ಕಣೇ ನೀನು!"

ಈ ಮಾತಿನ ಭಾರ ಈಗಿನವರಿಗೆ ತಿಳಿಯುವುದು ಕಷ್ಟ. ಮದ್ದು ಎಂದರೆ ಔಷಧವಲ್ಲ. ಒಬ್ಬರನ್ನು ವಶ ಮಾಡಿಕೊಳ್ಳಲೋ, ಮೆಲ್ಲಗೆ ಕೊಲ್ಲಲೋ ಅನ್ನದಲ್ಲಿ ಗುಟ್ಟಾಗಿ ಬೆರೆಸುವ ವಿಷ. ಹಾಗೆಂದು ಜನ ನಂಬಿದ್ದರು. ಒಂದು ಸಲ ಒಬ್ಬ ಹೆಂಗಸಿಗೆ ಮದ್ದಿನ ಕೈ ಎಂಬ ಹೆಸರು ಬಿತ್ತೋ, ಅವಳ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಮದುವೆ ಮನೆಯಲ್ಲಿ ಅವಳ ಪಕ್ಕದ ಎಲೆಗೆ ಯಾರೂ ಕೂರುವುದಿಲ್ಲ. ಅವಳು ಸತ್ತ ಮೇಲೂ ಆ ಮನೆಗೆ ಆ ಹೆಸರು ಇದ್ದೇ ಇರುತ್ತದೆ. ಹೋಟೆಲಿನವಳಿಗೆ ಈ ಹೆಸರು ಬಿದ್ದರೆ ಅವಳು ಒಲೆ ಆರಿಸಿ ಊರು ಬಿಡಬೇಕು, ಅಷ್ಟೆ.

ಯಾರೋ ಕರಿಬಸಪ್ಪನ ಎಲೆಯಲ್ಲಿ ಉಳಿದಿದ್ದ ರೊಟ್ಟಿಯ ತುಂಡನ್ನು ನಾಯಿಗೆ ಹಾಕಿದರು. ನಾಯಿ ತಿಂದು, ಇನ್ನೂ ಬೇಕೆಂದು ಬಾಲ ಅಲ್ಲಾಡಿಸಿತು.

"ನೋಡ್ರಪ್ಪಾ, ನಾಯಿಗೇನಾದ್ರೂ ಆಯ್ತಾ?" ಎಂದಳು ಶಕುಂತಲಮ್ಮ.

"ಮದ್ದು ಯಾರ ಹೆಸ್ರಲ್ಲಿ ಹಾಕ್ತಾರೋ ಅವ್ರಿಗೇ ತಾಕೋದು. ನಾಯಿ ಹೆಸ್ರಲ್ಲಿ ಹಾಕಿದ್ಯಾ ನೀನು?" ಎಂದ ಚನ್ನಮಲ್ಲಪ್ಪ.

ಅಷ್ಟರಲ್ಲಿ ಎದುರು ಮನೆಯ ಕಿಟಕಿಯ ಹೆಂಗಸು ಬಾಯಿ ಬಿಟ್ಟಳು. "ಸೋಮವಾರ ಬೆಳಿಗ್ಗೆ ಈವಮ್ಮ ಜಗಲಿಗೆ ಸಗಣಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಹಬ್ಬ ಇಲ್ಲ ಹುಣ್ಣಿಮೆ ಇಲ್ಲ. ಯಾಕೆ ಅಂತ ಕೇಳ್ರಿ."

ಎಲ್ಲರೂ ತಿರುಗಿ ನೋಡಿದರು.

"ನನ್ನ ಜಗಲಿ, ನಾನು ತೊಳೀತೀನಿ," ಎಂದಳು ಶಕುಂತಲಮ್ಮ. ಸೋಮವಾರದ ವಾಂತಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಎರಡು ಸಲ ಹಾಕಿದ್ದಾಳೆ ಎನ್ನುತ್ತಿದ್ದರು.

ಕರಿಬಸಪ್ಪನನ್ನು ಕಂಬಳಿಯಲ್ಲಿ ಹೊತ್ತು ಅಣ್ಣನ ಮನೆಗೆ ಒಯ್ದರು. ಮದ್ದು ಕಕ್ಕಿಸುವ ಬೋಜಪ್ಪನಿಗೆ ಹೇಳಿಕಳಿಸಿದರು. ಬೋಜಪ್ಪ ಪಕ್ಕದ ಹಳ್ಳಿಯವನು. ಸೊಪ್ಪಿನ ರಸ ಕುಡಿಸಿ ಬಡಬಡ ವಾಂತಿ ಮಾಡಿಸಿ, ಹೊಟ್ಟೆಯಲ್ಲಿರುವ ಮದ್ದಿನ ಗಂಟು ಹೊರಗೆ ಬಂತೆಂದು ತೋರಿಸುವುದು ಅವನ ವಿದ್ಯೆ.

ಜಗಲಿ ಖಾಲಿಯಾಯಿತು. ಸಂತೆಯ ದಿನ ಒಬ್ಬನೇ ಒಬ್ಬ ಒಳಗೆ ಬರಲಿಲ್ಲ. ಶಕುಂತಲಮ್ಮ ನೀರು ತಂದು ರಕ್ತ ತೊಳೆಯತೊಡಗಿದಳು. ಚಾಪೆಯ ಅಂಚಿನಲ್ಲಿ ಮೊದಲು ಬಿದ್ದಿದ್ದ ಹನಿಗಳು ಆಗಲೇ ಒಣಗಿ ಕಪ್ಪಾಗಿದ್ದವು. ಅವಳ ಕೈ ನಿಂತಿತು. ಬಟ್ಟೆಗೆ ಹತ್ತಿದ ರಕ್ತ ಹಳತಾದರೆ ಕಪ್ಪಾಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಹೊಟ್ಟೆಯೊಳಗೆ ನಿಂತ ರಕ್ತವೂ ಹಾಗೇ ಆಗಬಹುದಲ್ಲ! ಸೋಮವಾರ ಅವನು ಕಕ್ಕಿದ್ದು ಯಾರ ಹೋಟೆಲಿನ ಕಾಫಿಯೂ ಅಲ್ಲ. ಕಾಫಿಯ ಊರಲ್ಲಿ, ಕಾಫಿ ಮಾರುವವಳು, ಕಪ್ಪಗಿದ್ದದ್ದನ್ನೆಲ್ಲ ಕಾಫಿ ಎಂದುಕೊಂಡಿದ್ದಳು. ಯಾವನೋ ಬೇರೆ ಹೋಟೆಲಿನವನ ಮೇಲಿನ ಸಿಟ್ಟಿನಲ್ಲಿ ರಕ್ತವನ್ನೇ ತೊಳೆದು ಹಾಕಿದ್ದಳು.

ಕಂಬದ ಬುಡದಲ್ಲಿ, ಅವನು ಬಿದ್ದ ಜಾಗದಲ್ಲಿ, ಮಡಿಸಿದ ಒಂದು ಕಾಗದದ ಪೊಟ್ಟಣ ಸಿಕ್ಕಿತು. ರುಮಾಲಿನಿಂದ ಜಾರಿರಬೇಕು. ಬಿಚ್ಚಿ ನೋಡಿದರೆ ಬಿಳಿ ಪುಡಿ. ನಾಲಿಗೆಗೆ ಹಚ್ಚಿಕೊಂಡಳು. ಹುಳಿಹುಳಿ, ಒಗರು. ಅನುಮಾನ ನೇರವಾಗಿ ಚನ್ನಮಲ್ಲಪ್ಪನ ಮನೆಗೆ ಹೋಯಿತು. ತಮ್ಮ ಸತ್ತರೆ ಗದ್ದೆ ಯಾರಿಗೆ? ಎತ್ತು ಯಾರಿಗೆ?

"ನನ್ನ ತಲೆ ಮೇಲೆ ಹಾಕಿ ನೀವು ಕೈ ತೊಳ್ಕೊಳ್ತೀರಾ? ತಡೀರಿ," ಎಂದು ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು. ಸೋಮವಾರದ ಮಾತು ಮಾತ್ರ ಬಾಯಿ ಬಿಡಬಾರದು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಚನ್ನಮಲ್ಲಪ್ಪನ ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಕರಿಬಸಪ್ಪನನ್ನು ಗೋಡೆಗೆ ಒರಗಿಸಿದ್ದರು. ಬೋಜಪ್ಪ ಎದುರಿಗೆ ಕೂತು ಕಲ್ಲಿನಲ್ಲಿ ಸೊಪ್ಪು ಅರೆಯುತ್ತಿದ್ದ.

"ಬಂದ್ಲು ನೋಡ್ರಪ್ಪಾ! ಸತ್ನೋ ಇಲ್ವೋ ಅಂತ ನೋಡೋಕೆ ಬಂದ್ಲು!" ಎಂದ ಚನ್ನಮಲ್ಲಪ್ಪ.

"ನಿಮ್ಮನೆ ವಿಷ ನಿಮ್ಗೇ ವಾಪಸ್ ಕೊಡೋಕೆ ಬಂದೆ," ಅವಳು ಪೊಟ್ಟಣವನ್ನು ಎಲ್ಲರ ಮುಂದೆ ಹಿಡಿದಳು. "ಇದು ಇವನ ರುಮಾಲಲ್ಲಿತ್ತು. ಏನಿದು ಚನ್ನಮಲ್ಲಪ್ಪಣ್ಣ? ನನ್ನ ರೊಟ್ಟಿಗೆ ಅಕ್ಕಿಹಿಟ್ಟು ಬಿಟ್ರೆ ಯಾವ ಬಿಳಿ ಪುಡಿನೂ ಬೀಳಲ್ಲ."

ಚನ್ನಮಲ್ಲಪ್ಪ ಪೊಟ್ಟಣಕ್ಕೆ ಬಾಗಿ ನೋಡಿದ. ನಿಜವಾಗಿಯೂ ಅವನಿಗೆ ಅದೇನೆಂದು ಗೊತ್ತಿರಲಿಲ್ಲ. ಜನ ಈಗ ಅವನತ್ತ ನೋಡತೊಡಗಿದರು. ಅಂಗಳದಲ್ಲಿದ್ದವರಿಗೆ ಯಾರನ್ನಾದರೂ ಅನುಮಾನಿಸಿದರಾಯಿತು, ಆಳು ಬದಲಾದರೂ ಚಿಂತೆಯಿಲ್ಲ.

ಗೋಡೆಗೆ ಒರಗಿದ್ದವನೇ ಮಾತಾಡಿದ. ದನಿ ಬಾವಿಯೊಳಗಿಂದ ಬಂದಂತಿತ್ತು. "ಅದು ನಂದು ಕಣಕ್ಕಾ. ಬೆನ್ನುನೋವಿನ ಪುಡಿ. ಅಂಗಡಿಲಿ ಕೊಡ್ತಾರಲ್ಲ."

"ಎಷ್ಟು ತಿಂತಿದ್ದೆ?"

"ಎದ್ದ ತಕ್ಷಣ ಎರಡು. ಮೂಟೆ ಹೇರೋಕೆ ಮುಂಚೆ ಎರಡು. ಆಮೇಲೂ ನೋವಿದ್ರೆ ಇನ್ನೊಂದು."

"ಹೊಟ್ಟೆಗೆ ಏನಾದ್ರೂ ತಿಂದು ತಾನೆ?"

"ತಿಂದು ತಗೊಂಡ್ರೆ ಬೇಗ ಹಿಡಿಯಲ್ಲ ಅಕ್ಕಾ. ಬರೀ ಹೊಟ್ಟೇಲಿ ಹಾಕ್ಕೊಂಡ್ರೆ ಜೋರು. ಕುಯ್ಲು ಶುರುವಾದಾಗಿಂದ ಹಿಂಗೇ."

"ಔಷಧಿ ತಾನೆ ಅದು," ಎಂದ ಚನ್ನಮಲ್ಲಪ್ಪ, ಜೀವ ಬಂದವನಂತೆ. "ಔಷಧಿ ತಿಂದು ಯಾರಾದ್ರೂ ರಕ್ತ ಕಕ್ತಾರಾ? ಬೋಜಪ್ಪಾ, ನೀನ್ ಕುಡ್ಸಪ್ಪ. ಇವಳು ಮಾತಲ್ಲೇ ಹೊತ್ತು ಕಳೀತಾಳೆ."

ಬೋಜಪ್ಪ ಬಟ್ಟಲೆತ್ತಿದ. ಹಸಿರು ರಸ ಅಂಚಿನವರೆಗೂ ತುಂಬಿತ್ತು. "ಒಂದೇ ಸಲಕ್ಕೆ ನುಂಗ್ಬುಡು ಮಗ. ಕರುಳೇ ಬಾಯಿಗೆ ಬಂದಂಗಾಯ್ತದೆ, ಹೆದರ್ಬೇಡ."

ಶಕುಂತಲಮ್ಮ ಕರಿಬಸಪ್ಪನ ತುಟಿ ನೋಡಿದಳು. ಸುಣ್ಣದಂತೆ ಬೆಳ್ಳಗಾಗಿತ್ತು. ಒಳಗೆ ಎಲ್ಲೋ ಸೋರುತ್ತಿದೆ. ಸೋರುವ ಮಡಕೆಯನ್ನು ಇವರು ಹಿಡಿದು ಕುಲುಕಲು ಹೊರಟಿದ್ದಾರೆ. ಸುಮ್ಮನಿದ್ದರೆ ಇವನು ಹೋಗುತ್ತಾನೆ. ಬಾಯಿ ಬಿಟ್ಟರೆ ನಾನು ಹೋಗುತ್ತೇನೆ.

ಮುಂದಕ್ಕೆ ಹೋಗಿ ಬಟ್ಟಲಿಗೆ ಕೈ ಬೀಸಿದಳು. ರಸವೆಲ್ಲ ಬೋಜಪ್ಪನ ಪಂಚೆಯ ಮೇಲೆ ಚೆಲ್ಲಿತು.

ಅಂಗಳ ಹೋ ಎಂದಿತು. "ನೋಡಿದ್ರಾ! ನೋಡಿದ್ರಾ!" ಚನ್ನಮಲ್ಲಪ್ಪ ಕುಣಿದ. "ಹಾಕಿದ್ದು ಆಚೆಗೆ ಬಂದ್ರೆ ಸಿಕ್ಕಾಕ್ಕೋತೀನಿ ಅಂತ ಚೆಲ್ಲಿದ್ಲು! ಇನ್ನೇನ್ ಬೇಕ್ರಪ್ಪಾ ಸಾಕ್ಷಿ?"

"ಸೋಮವಾರಾನೇ ಕಕ್ಕವ್ನೆ!" ಶಕುಂತಲಮ್ಮ ಅವನಿಗಿಂತ ಜೋರಾಗಿ ಕೂಗಿದಳು. "ನನ್ನ ಮನೇದು ಒಂದು ತೊಟ್ಟು ಬಾಯಿಗೆ ಹಾಕೋಕೆ ಮುಂಚೆ. ಕಪ್ಪಗೆ, ಕಾಫಿ ಗಸಿ ಥರ. ರಕ್ತ ಅಂತ ತಿಳೀಲಿಲ್ಲ ನಂಗೆ. ಜನ ನೋಡ್ತಾರೆ ಅಂತ ತೊಳೆದ್ಬಿಟ್ಟೆ. ಅದಕ್ಕೇ ಸಗಣಿ ಹಾಕಿದ್ದು. ಈಗೇನ್ ಮಾಡ್ತೀರೋ ಮಾಡಿ ನಂಗೆ. ಇವನಿಗೆ ಮಾತ್ರ ವಾಂತಿ ಮಾಡಿಸ್ಬೇಡಿ."

"ಮೂರು ದಿನ ಬಚ್ಚಿಟ್ಟಿದ್ಲು," ಎಂದರು ಯಾರೋ ಹಿಂದಿನಿಂದ.

ಪಂಚೆ ಹಿಂಡಿಕೊಳ್ಳುತ್ತಿದ್ದ ಬೋಜಪ್ಪ ಕರಿಬಸಪ್ಪನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ. "ಬಯಲಿಗೆ ಹೋದಾಗ ಹೆಂಗಿರ್ತದೆ ಮಗ? ಕಪ್ಪಗಾ?"

"ಹೂಂ. ಒಂದು ವಾರ ಆಯ್ತು. ಗಾಡಿ ಕೀಲೆಣ್ಣೆ ಥರ ಕಪ್ಪಗೆ, ಅಂಟಂಟು. ನಾತ ಅಂದ್ರೆ ನಾತ."

"ಎದ್ದು ನಿಂತ್ರೆ ತಲೆ ತಿರುಗ್ತದಾ?"

"ಕಣ್ಣು ಕತ್ತಲೆ ಬರ್ತದೆ."

ಬೋಜಪ್ಪ ಸೊಪ್ಪಿನ ಗಂಟು ಕಟ್ಟತೊಡಗಿದ.

"ಯಾಕೋ ಬೋಜಪ್ಪ? ಇನ್ನೊಂದು ಬಟ್ಲು ಅರೀಯಪ್ಪ," ಎಂದ ಚನ್ನಮಲ್ಲಪ್ಪ.

"ನಾನಿವನ್ನ ಮುಟ್ಟಲ್ಲ ಸ್ವಾಮಿ. ಹಿಂಗೆ ಕಪ್ಪಗೆ ಹೋಗ್ತಿದ್ದ ಇಬ್ಬರಿಗೆ ರಸ ಕುಡ್ಸಿದೀನಿ. ಇಬ್ರೂ ನನ್ನ ಕೈಮೇಲೇ ಹೋದ್ರು. ಮದ್ದು ಬಲವಾಗಿತ್ತು ಅಂತ ಹೇಳಿ ಬಂದೆ. ಅದೇನಿತ್ತೋ ಶಿವನಿಗೇ ಗೊತ್ತು." ಅವನು ಯಾರ ಮುಖವನ್ನೂ ನೋಡದೆ ಎದ್ದ. "ಡಾಕ್ಟ್ರ ಹತ್ರ ಹೊತ್ಕೊಂಡು ಓಡಿ. ನಡೆಸ್ಬೇಡಿ."

ಸಂತೆಗೆ ಬಂದಿದ್ದ ಒಂದು ಲಾರಿ ಸೋಮವಾರಪೇಟೆಗೆ ವಾಪಸು ಹೊರಟಿತ್ತು. ಡ್ರೈವರ್ ಸುಬ್ಬನನ್ನು ತಡೆದು, ಖಾಲಿ ಗೋಣಿಚೀಲಗಳನ್ನು ಹಾಸಿ ಕರಿಬಸಪ್ಪನನ್ನು ಮಲಗಿಸಿದರು. ಶಕುಂತಲಮ್ಮ ಮನೆಯ ಕಡೆ ತಿರುಗುತ್ತಿದ್ದಳು.

"ನೀನೆಲ್ಲಿ ಹೊರಟೆ? ಹತ್ತು ಲಾರಿ," ಎಂದ ಚನ್ನಮಲ್ಲಪ್ಪ. "ನಾವು ಬರೋ ಹೊತ್ಗೆ ನೀನು ತವರಿಗೆ ಓಡೋಗಿರ್ತೀಯ. ಡಾಕ್ಟ್ರು ಮದ್ದು ಅಂದ್ರೆ ಅಲ್ಲಿಂದ್ಲೇ ಪೊಲೀಸ್ನೋರಿಗೆ ಕೊಡ್ತೀನಿ ನಿನ್ನ."

"ಅಲ್ಲ ಅಂದ್ರೆ?"

ಅವನು ಮುಖ ತಿರುಗಿಸಿ ಲಾರಿ ಹತ್ತಿದ. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿದಳು.

ದಾರಿಯಲ್ಲಿ ಕರಿಬಸಪ್ಪ ನೀರು ನೀರು ಎಂದ. ಚನ್ನಮಲ್ಲಪ್ಪ ಚೊಂಬು ಎತ್ತಿದ. ಶಕುಂತಲಮ್ಮ ತಡೆದಳು. "ಬೇಡ. ಒಳಗೆ ಹೋದದ್ದು ರಕ್ತಾನೂ ಎಳ್ಕೊಂಡು ಬರ್ತದೆ."

"ಸಾಯೋನಿಗೆ ನೀರೂ ಬೇಡ ಅಂತೀಯಲ್ಲ, ಎಂಥ ಹೆಂಗಸೇ ನೀನು?"

ಅವಳು ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಒತ್ತಿದಳು, ಅಷ್ಟೆ. ಮತ್ತೊಂದು ಸಲ ಓಕರಿಕೆ ಬಂದಾಗ ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ, ಉಸಿರಿಗೆ ಸಿಕ್ಕಿಕೊಳ್ಳದ ಹಾಗೆ ತಲೆ ಹಿಡಿದುಕೊಂಡಳು. ರಕ್ತ ಅವಳ ಮಡಿಲಿಗೇ ಬಿತ್ತು. ಚನ್ನಮಲ್ಲಪ್ಪ ಮೂಲೆಯಲ್ಲಿ ಕೂತು ಅವಳ ಕೈಗಳನ್ನೇ ನೋಡುತ್ತಿದ್ದ, ಎಲ್ಲಿಂದಾದರೂ ಏನಾದರೂ ತೆಗೆದು ಬಾಯಿಗೆ ಹಾಕುತ್ತಾಳೋ ಎಂದು.

ಸೋಮವಾರಪೇಟೆಯ ಡಾಕ್ಟರು ಇವರಿಬ್ಬರಿಗಿಂತ ದೊಡ್ಡ ಅನುಮಾನದ ಮನುಷ್ಯ. ನಾಡಿ ಹಿಡಿದುಕೊಂಡೇ ಒಂದರ ಮೇಲೊಂದು ಪ್ರಶ್ನೆ ಹಾಕಿದರು.

"ಸಾರಾಯಿ ಕುಡೀತಾನಾ? ನಿಜ ಹೇಳಿ."

"ಇಲ್ಲ ಸ್ವಾಮಿ, ನಾವು ಲಿಂಗವಂತರು," ಎಂದ ಚನ್ನಮಲ್ಲಪ್ಪ.

"ನಾನು ಜಾತಿ ಕೇಳಲಿಲ್ಲ. ಕುಡೀತಾನಾ ಅಂತ ಕೇಳಿದೆ."

"ಇಲ್ಲ ಸ್ವಾಮಿ."

"ಕೆಮ್ಮಿದಾಗ ಬಂತೋ, ವಾಂತೀಲಿ ಬಂತೋ? ನೊರೆ ಇತ್ತಾ? ಮೂಗಲ್ಲಿ ರಕ್ತ ಸುರೀತಿತ್ತಾ? ಮೊದ್ಲು ಬರೀ ವಾಂತಿ ಆಗಿ ಆಗಿ ಆಮೇಲೆ ರಕ್ತ ಬಂತೋ, ಒಂದೇ ಸಲ ಬಂತೋ?"

"ಪೊಲೀಸ್ನೋರೂ ಹಿಂಗೆ ಕೇಳಲ್ವಲ್ಲ ಸ್ವಾಮಿ!"

"ಪೊಲೀಸರಿಗೆ ಒಬ್ಬ ಕಳ್ಳ ಸಿಕ್ರೆ ಸಾಕು. ನಂಗೆ ಐದಾರು ಜನ ಇದ್ದಾರೆ," ಎಂದರು ಡಾಕ್ಟರು, ಹೊಟ್ಟೆ ಒತ್ತಿ ನೋಡುತ್ತ. "ಕುಡಿದು ಕುಡಿದು ಲಿವರ್ ಕೆಟ್ಟೋರಿಗೆ ಅನ್ನನಾಳದ ನರ ಉಬ್ಬಿ ಒಡೀತದೆ. ಕ್ಷಯದೋರಿಗೆ ಕೆಮ್ಮಿನ ಜೊತೆ ನೊರೆ ರಕ್ತ ಬರ್ತದೆ, ಅದು ಹೊಟ್ಟೇದಲ್ಲ, ಎದೇದು. ಮೂಗಿನ ರಕ್ತ ನುಂಗಿ ಕಕ್ಕೋರೂ ಇದ್ದಾರೆ. ಜೋರಾಗಿ ಓಕರಿಸಿ ಓಕರಿಸಿ ಗಂಟಲ ಕೆಳಗೆ ಹರ್ಕೊಳ್ಳೋದೂ ಉಂಟು. ಹೊಟ್ಟೇಲಿ ಹುಣ್ಣಾಗಿ ರಕ್ತನಾಳ ತೂತಾಗೋದು ಇನ್ನೊಂದು. ನೋವಿನ ಪುಡಿ, ಮಾತ್ರೆ ಏನಾದ್ರೂ ತಗೊಳ್ತಿದ್ನಾ?"

ಶಕುಂತಲಮ್ಮ ಪೊಟ್ಟಣ ಮುಂದಿಟ್ಟಳು. ದಿನಕ್ಕೆ ಐದು, ಬರೀ ಹೊಟ್ಟೆಯಲ್ಲಿ, ಕುಯ್ಲು ಶುರುವಾದಾಗಿನಿಂದ ಎಂದಳು. ಕಪ್ಪಗೆ ಹೋಗುತ್ತಿದ್ದದ್ದನ್ನು ಹೇಳಿದಳು. ಸೋಮವಾರದ ಗಸಿಯನ್ನು ಹೇಳಿದಳು. ತೊಳೆದದ್ದನ್ನೂ ಬಿಡಲಿಲ್ಲ.

ಡಾಕ್ಟರು ಪೊಟ್ಟಣ ಮೂಸಿದರು. ಆಮೇಲೆ ಅವಳನ್ನು ನೋಡಿದರು. "ಸೋಮವಾರ ಗೊತ್ತಿದ್ದೂ ಬುಧವಾರ ಬಂದಿರಾ? ಆ ಕಪ್ಪು ತರಿ ಹೊಟ್ಟೇಲಿ ನಿಂತು ಕೆಟ್ಟ ರಕ್ತ. ಅವತ್ತೇ ಬರ್ಬೇಕಿತ್ತು. ಅಲ್ಲ, ಕಪ್ಪಗೆ ಹೋಗೋಕೆ ಶುರುವಾದ ದಿನವೇ ಬರ್ಬೇಕಿತ್ತು. ಚಮಚದಷ್ಟು ರಕ್ತ ಕಕ್ಕಿದ್ರೂ ಕೂತು ಯೋಚ್ನೆ ಮಾಡೋ ವಿಷಯ ಅಲ್ಲ ಇದು. ತಲೆ ತಿರುಗಿ, ಮೈ ತಣ್ಣಗಾಗಿ, ಬೆವರಿದ್ರೆ ಒಂದು ಗಳಿಗೇನೂ ನಿಲ್ಲೋ ಹಾಗಿಲ್ಲ. ಅಷ್ಟರಲ್ಲಿ ವಾಂತಿಗೆ ಬೇರೆ ಏನಾದ್ರೂ ಕುಡಿಸಿದ್ರಾ?"

"ಕುಡಿಸೋಕೆ ಹೋಗಿದ್ರು," ಎಂದಳು ಅವಳು.

"ಕುಡಿಸಿದ್ರೆ ನನ್ನ ಹತ್ರ ತರೋದು ಬೇಕಿರ್ಲಿಲ್ಲ."

ಚನ್ನಮಲ್ಲಪ್ಪ ಮುಂದೆ ಬಂದ. "ಸ್ವಾಮೀ, ಈವಮ್ಮ ಮದ್ದು ಹಾಕಿದಾಳೆ ಅಂತ ಊರೆಲ್ಲ ಹೇಳ್ತದೆ. ದಿನಾ ಇವಳ ಹೋಟ್ಲಲ್ಲೇ ತಿನ್ನೋದು ಇವನು."

"ನಿಮ್ಮನೇಲಿ ಏನೂ ತಿನ್ನಲ್ವಾ?"

"ಯಾವಾಗ್ಲಾದ್ರೂ ತಿಂತಾನೆ."

"ಹಾಗಾದ್ರೆ ನಿಮ್ಮನ್ನೂ ಸೇರಿಸ್ಲಾ?"

ಬಾಗಿಲ ಬಳಿ ನಿಂತಿದ್ದ ಸುಬ್ಬ ಕಿಸಕ್ಕೆಂದ. ಡಾಕ್ಟರು ಸೂಜಿ ಹಾಕಿ, ಚೀಟಿ ಬರೆದು, ಅದೇ ಲಾರಿಯಲ್ಲಿ ಮಡಿಕೇರಿಗೆ ಕಳಿಸಿದರು. ರಕ್ತ ಏರಿಸಬೇಕು, ಹೊಂದುವ ರಕ್ತದವರು ಜೊತೆಗಿರಲಿ ಎಂದರು. ಚನ್ನಮಲ್ಲಪ್ಪ ತಮ್ಮನ ಜೊತೆ ಲಾರಿ ಹತ್ತಿದ. ಶಕುಂತಲಮ್ಮ ಅಲ್ಲೇ ಉಳಿದು, ರಕ್ತದ ಸೀರೆಯಲ್ಲೇ ಬಸ್ಸು ಹಿಡಿದು ಊರಿಗೆ ಬಂದಳು.

ಕರಿಬಸಪ್ಪ ಬದುಕಿದ. ಅಣ್ಣನ ರಕ್ತವೇ ಹೊಂದಿತು. ಆದರೆ ಅವನು ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ಶಕುಂತಲಮ್ಮನ ಜಗಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಡಾಕ್ಟರು ಹೇಳಿದ್ದನ್ನು ಸುಬ್ಬ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಜನ ಕೇಳಿದರು, ತಲೆ ಆಡಿಸಿದರು. "ಇಂಗ್ಲಿಷ್ ಓದಿದ ಡಾಕ್ಟ್ರಿಗೆ ಮದ್ದಿನ ವಿಚಾರ ಏನು ಗೊತ್ತು?" ಎಂದು ಬೇರೆ ಹೋಟೆಲಿಗೆ ಹೋದರು. ಅವಳು ದಿನಾ ಒಲೆ ಹಚ್ಚುವಳು. ನಾಲ್ಕು ರೊಟ್ಟಿ ತಟ್ಟುವಳು. ಮಧ್ಯಾಹ್ನ ತಾನೇ ಒಂದು ತಿಂದು ಉಳಿದದ್ದನ್ನು ದನಕ್ಕೆ ಹಾಕುವಳು. ತವರಿನಿಂದ ತಮ್ಮ ಬಂದು ಕರೆದ. ಹೋಗಲಿಲ್ಲ. ಹೋದರೆ ಮದ್ದು ಹಾಕಿದ್ದು ನಿಜವಾಯಿತು.

ಸಂತೆಯ ದಿನವೊಂದರಲ್ಲಿ ಕರಿಬಸಪ್ಪ ಬಂದ. ಸೊರಗಿ ಕಡ್ಡಿಯಾಗಿದ್ದ. ರಸ್ತೆಯಲ್ಲಿದ್ದವರು ನಿಂತರು. ಅವನು ಜಗಲಿ ಹತ್ತಿ ಚಾಪೆಯ ಮೇಲೆ ಕೂತ.

"ಏನ್ ಕೊಡ್ಲಿ?" ಎಂದಳು ಅವಳು ಒಳಗಿಂದಲೇ.

"ಕಾಫಿ ಬೇಡ ಅಂದವ್ರೆ. ಹಾಲು ಕೊಡಕ್ಕಾ."

ಬಿಸಿ ಹಾಲು ತಂದಿಟ್ಟಳು. ಅವನು ಲೋಟ ಹಿಡಿದ. ಹಾಲಿನೊಳಗೆ ನೋಡಿದ. ಸುತ್ತ ನಿಂತ ಜನರನ್ನು ನೋಡಿದ. ಲೋಟವನ್ನು ಅವಳ ಕಡೆಗೆ ಒಂದು ಗೇಣು ಸರಿಸಿದ.

"ಬೇಜಾರಾಗ್ಬೇಡ. ಒಂದ್ ಗುಟುಕು ನೀನು ಮೊದ್ಲು ಕುಡಿ. ಅಣ್ಣ ಹೇಳಿ ಕಳ್ಸವ್ನೆ."

ಅನುಮಾನವಿದ್ದ ಮನೆಯಲ್ಲಿ ಹಾಗೆ ಕೇಳುವುದು ವಾಡಿಕೆ. ಕೊಟ್ಟವಳು ಕುಡಿದರೆ ಆಮೇಲೆ ನೆಂಟ ಕುಡಿಯುತ್ತಾನೆ. ಕುಡಿದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಕುಂತಲಮ್ಮ ಲೋಟ ಮುಟ್ಟಲಿಲ್ಲ.

"ಕುಡಿಯಲ್ಲ."

ರಸ್ತೆಯಲ್ಲಿ ಗುಸುಗುಸು ಎದ್ದಿತು.

"ಯಾಕಕ್ಕಾ?"

"ಇವತ್ತು ನಾನು ಕುಡಿದು ತೋರ್ಸಿದ್ರೆ ನಾಳೆ ಬರೋನಿಗೂ ಕುಡಿದು ತೋರಿಸ್ಬೇಕು. ನಾಡಿದ್ದು ಬರೋನಿಗೂ. ಇಪ್ಪತ್ತು ಜನ ಬಂದ್ರೆ ಇಪ್ಪತ್ತು ಗುಟುಕು. ಹೋಟ್ಲು ಮಾಡ್ತಿದೀನಾ, ಪರೀಕ್ಷೆ ಕೊಡ್ತಿದೀನಾ? ನಿನ್ನ ರಕ್ತ ನನ್ನ ಮಡಿಲಲ್ಲಿ ಹಿಡಿದೀನಿ ಬಸಣ್ಣ. ಅದು ಸಾಲದು ಅಂದ್ರೆ ಲೋಟ ಅಲ್ಲೇ ಇಟ್ಟು ಎದ್ದೋಗು. ನಂಗೇನೂ ಬೇಜಾರಿಲ್ಲ."

ಬೇಜಾರಿತ್ತು. ಅವನು ಎದ್ದು ಹೋದರೆ ಆ ಸಂಜೆಯೇ ಪಾತ್ರೆ ಕಟ್ಟಬೇಕಿತ್ತು.

ಕರಿಬಸಪ್ಪ ಲೋಟವನ್ನು ತನ್ನ ಕಡೆಗೇ ಎಳೆದುಕೊಂಡ. ಎತ್ತಿ, ಎಲ್ಲೂ ನಿಲ್ಲಿಸದೆ ಕೊನೆಯ ತೊಟ್ಟಿನವರೆಗೂ ಕುಡಿದ. ತುಟಿಯ ಮೇಲಿನ ಕೆನೆ ಒರೆಸಿಕೊಂಡು, "ಸಕ್ಕರೆ ಕಮ್ಮಿ ಆಯ್ತು ಅಕ್ಕಾ," ಎಂದ.

"ಬಾಯಿ ರುಚಿ ಕೆಟ್ಟದೆ ನಿಂದು. ಸಕ್ಕರೆ ಸರಿಯಾಗೇ ಐತೆ."

ಚನ್ನಮಲ್ಲಪ್ಪ ರಸ್ತೆಯ ಆಚೆ ನಿಂತು ನೋಡುತ್ತಿದ್ದ. ಅವನು ಬರಲಿಲ್ಲ, ಆ ಜನ್ಮದಲ್ಲಿ ಆ ಜಗಲಿ ಹತ್ತಲೂ ಇಲ್ಲ. ಆದರೆ ಕರಿಬಸಪ್ಪ ಕೂತೇ ಇದ್ದ. ಗಳಿಗೆ ಕಳೆಯಿತು, ಎರಡು ಗಳಿಗೆ ಕಳೆಯಿತು, ಅವನಿಗೆ ಏನೂ ಆಗಲಿಲ್ಲ. ನೋಡಿ ನೋಡಿ ಬೇಸತ್ತ ಒಬ್ಬ ಮೂಟೆಯವನು ಹೊರೆ ಇಳಿಸಿ ಜಗಲಿಯ ತುದಿಗೆ ಬಂದು ಕೂತ.

"ನಂಗೊಂದು ಕಾಫಿ ಕೊಡಮ್ಮೋ."

ಶಕುಂತಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೆಳಿಗ್ಗೆಯಿಂದ ಹೊಟ್ಟೆಗೇನಾದ್ರೂ ಬಿದ್ದದಾ?"

"ಇಲ್ಲ."

"ಮೊದ್ಲು ರೊಟ್ಟಿ ತಿನ್ನು. ಆಮೇಲೆ ಕಾಫಿ," ಎಂದು ಅವಳು ಹಿಟ್ಟಿಗೆ ಕೈ ಹಾಕಿದಳು.